ಕಿಟಕಿಯ ಹೆಂಗಸು ಎಲ್ಲಿ ಹೋದಳು?

"ಸ್ವಲ್ಪ ಸರೀತೀರಾ? ಕತ್ತೆ ಮೈ ಗಾಜಲ್ಲ, ಆಚೆಗೆ ಏನೂ ಕಾಣಲ್ಲ!"

ಬೆಲೆನ್ ಬೆಚ್ಚಿ ತಿರುಗಿದಳು. ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂನಲ್ಲಿ ಸಂಜೆ ಆರರ ಮೇಲೆ ದುಡ್ಡು ಕೊಡಬೇಕಿಲ್ಲ. ಔಷಧಿ ಅಂಗಡಿಯ ಕೆಲಸ ಮುಗಿಸಿ ಅವಳು ಓಡಿ ಬರುತ್ತಿದ್ದುದು ಒಂದೇ ಚಿತ್ರಕ್ಕಾಗಿ. ಕಿಟಕಿಯ ಬಳಿ ನಮಗೆ ಬೆನ್ನು ಮಾಡಿ ನಿಂತ ಹೆಂಗಸು. ಚಿತ್ರ ಎಷ್ಟು ಎತ್ತರದಲ್ಲಿತ್ತೆಂದರೆ, ತುದಿಗಾಲಲ್ಲಿ ನಿಂತರೂ ಕಿಟಕಿಯಾಚೆ ಏನಿದೆಯೋ ಕಾಣದು.

"ನನ್ನನ್ನ ಕತ್ತೆ ಅಂದ್ರಾ?"

"ಅಯ್ಯೋ, ಅದು ನಮ್ಮ ಕಡೆಯ ಗಾದೆ ಅಷ್ಟೇ!" ಬಸ್ ಚಾಲಕನ ಸಮವಸ್ತ್ರದಲ್ಲಿದ್ದ ಅವನು ನಕ್ಕ. "ನಾನು ಗೊನ್ಸಾಲೊ. ಅವಳು ಯಾರನ್ನೋ ಕಾಯ್ತಿದಾಳೆ, ಅಲ್ವಾ?"

"ಇಲ್ಲಾರೀ! ಯಾರನ್ನೋ ಕಳಿಸ್ಕೊಟ್ಟಿದಾಳೆ. ಭುಜ ನೋಡಿ, ಹೇಗೆ ಇಳಿದಿದೆ..."

ಆ ಜಗಳ ಚಳಿಗಾಲವಿಡೀ ನಡೆಯಿತು. ಪ್ರತಿ ಗುರುವಾರ ಅದೇ ಚಿತ್ರ, ಅದೇ ವಾದ. ಜಗಳಕ್ಕೆಂದೇ ಬರುತ್ತೇನೆ ಎಂದು ಬೆಲೆನ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪಾಪ, ಸುಳ್ಳೆಂದು ಅವಳಿಗೂ ಗೊತ್ತಿತ್ತು! ಚಿತ್ರದ ಮುಂದೆ ಸಿಕ್ಕೇ ಸಿಗುತ್ತೇವಲ್ಲ ಎಂದು ಇಬ್ಬರೂ ಫೋನ್ ನಂಬರ್ ಕೂಡ ಕೇಳಿರಲಿಲ್ಲ.

ಒಂದು ಸಂಜೆ ಅವನು ನಗಲಿಲ್ಲ.

"ಬೆಲೆನ್, ನಿಮ್ಮನ್ನ ಪ್ರೀತಿಸ್ತೀನಿ. ಒಪ್ಪಿಗೆ ಇದ್ರೆ ಮುಂದಿನ ಗುರುವಾರ ಅವಳ ಮುಂದೆ ಬನ್ನಿ. ಬರದಿದ್ರೆ... ಮತ್ತೆ ಕಾಡಲ್ಲ."

ಆ ಗುರುವಾರ ಬೆಲೆನ್ ಹಸಿರು ಕೋಟು ತೊಟ್ಟು ಬಂದಳು. ಗೋಡೆ ಬೋಳು! ಚಿತ್ರವೂ ಇಲ್ಲ, ಅವನೂ ಇಲ್ಲ.

ಕಾದಳು. ಏಳಾಯಿತು. 'ಕರೆದವನೇ ಕೈಕೊಟ್ಟನಾ?' ಕಣ್ಣು ತುಂಬಿತು. ಹೊರಡಲು ತಿರುಗಿದವಳನ್ನು ಹಾಳು ಕುತೂಹಲ ಬಿಡಲಿಲ್ಲ. ಅವನು ಹೋದರೆ ಹೋಗಲಿ, ಆ ಹೆಂಗಸು ಎಲ್ಲಿ ಹೋದಳು?

ಕಾವಲಿನಾಕೆಯನ್ನು ಕೇಳಿದಳು.

"ಕೆಳಗಿನ ಮಹಡಿಗೆ ಹೋದ್ಳು, ಮಗಳೇ. ಮೊನ್ನೆ ಇಳಿಸಿದ್ರು."

ಕೆಳಗೆ ಚಿತ್ರ ಕಣ್ಣಿನ ಮಟ್ಟದಲ್ಲೇ ಇತ್ತು. ಅದರೆದುರು ಬೆಂಚಿನಲ್ಲಿ ಗೊನ್ಸಾಲೊ ತಲೆ ತಗ್ಗಿಸಿ ಕೂತಿದ್ದ.

"ಇಲ್ಲಿದೀರಾ! ಮೇಲೆ ಬೋಳು ಗೋಡೆ ನೋಡ್ಕೊಂಡು ಸಾಯ್ತಿದ್ದೆ ನಾನು!"

"ಅವಳ ಮುಂದೆ ಅಂದಿದ್ನಲ್ಲ! ಅವಳನ್ನ ಇಲ್ಲಿಗೆ ಇಳಿಸಿದ್ರು ಅಂತ ನಾನೂ ಇಲ್ಲೇ ಬಂದೆ. ನೀವು ಬರಲ್ವೇನೋ ಅಂತ..."

ಬೆಲೆನ್ ಚಿತ್ರದ ಹತ್ತಿರ ಹೋದಳು. ಅವಳ ಕಣ್ಣು ಚಿತ್ರದಲ್ಲಿ ನೆಟ್ಟಿತ್ತು. ಕಿಟಕಿಯಾಚೆ, ದೂರದ ದಾರಿಯಲ್ಲಿ, ಟೋಪಿ ಬೀಸುತ್ತಾ ಮನೆ ಕಡೆಗೆ ಬರುತ್ತಿದ್ದ ಒಬ್ಬ ಪುಟ್ಟ ಮನುಷ್ಯ!

"ಗೊನ್ಸಾಲೊ... ನೀನೇ ಗೆದ್ದೆ. ಕಾಯ್ತಾನೇ ಇದಾಳೆ."

ಅವಳ ಬಾಯಲ್ಲಿ 'ನೀನು' ಬಂದದ್ದು ಅದೇ ಮೊದಲು. ಅವನು ಮೆಲ್ಲಗೆ ಎದ್ದು ಪಕ್ಕಕ್ಕೆ ಬಂದ.

"ತುಂಬಾ ಕಾಯಿಸಿಬಿಟ್ಟನಲ್ಲ ಅವಳನ್ನ..."

"ಕಾಯಿಸಿದ್ರೇನು, ಬಂದನಲ್ಲ." ಬೆಲೆನ್ ಅವನ ಕೈ ಹಿಡಿದಳು. "ನಾನೂ ಬಂದೆ."