ಬಿತ್ತದ ಸೊಪ್ಪು

“ಬೇರು ಸಹಿತ ಕೀಳು. ಬರೇ ಮ್ಯಾಲ ಹರದ್ರ ನಾಡಿದ್ದು ಮತ್ತ ಕಾಣ್ತದ,” ಎಂದಳು ಶೈಲಶ್ರೀ.

ಮನೀಷಾ ಬೇರು ಸಹಿತ ಕಿತ್ತಳು. ಹಿಂದಿನ ದಿನ ಮಳೆಯಾಗಿ ನೆಲ ಮೆತ್ತಗಿತ್ತು. ಹಿಡಿದು ಎಳೆದರೆ ಸಾಕು, ಗಿಡ ಕೈಗೇ ಬರುತ್ತಿತ್ತು. ಇಬ್ಬರೂ ಯೂನಿಫಾರ್ಮ್ ಕೂಡ ಬದಲಿಸದೆ ತೊಗರಿ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು.

ಹೊಲ ಶೈಲಶ್ರೀಯ ಮನೆಯದು. ಮೊಗುಡಂಪಲ್ಲಿಯಿಂದ ಬೀದರ್ ಕಡೆಗೆ ಹೋಗುವ ದಾರಿಯ ಪಕ್ಕದಲ್ಲೇ ಇದೆ. ಮೂರು ಎಕರೆ. ಅದರಲ್ಲಿ ತೊಗರಿ, ಸಜ್ಜೆ, ನವಣೆ, ಹೆಸರು, ಪುಂಡಿ ಎಲ್ಲ ಒಟ್ಟಿಗೆ ಬೆಳೆಯುತ್ತವೆ. ಅವಳ ಅಪ್ಪ ಕಾಶಿನಾಥ ಗೊಬ್ಬರದಂಗಡಿಯ ಕಡೆ ತಲೆ ಹಾಕಿಯೂ ಮಲಗುವವನಲ್ಲ. ಹುಳಕ್ಕೆ ಬೇವಿನ ಬೀಜ ಕುಟ್ಟಿ ಅದರ ನೀರು ಹೊಡೆಯುತ್ತಾನೆ. ಸಾಲುಗಳ ನಡುವೆ ಎಡೆ ಹೊಡೆದಾಗ ಹುಲ್ಲನ್ನಷ್ಟೇ ತೆಗೆಸುತ್ತಾನೆ. ಚೆಂಚಲಿ, ಗೋಳಿ, ರಾಜಗಿರಿ ಮುಂತಾದ ಸೊಪ್ಪು, ಇಲ್ಲಿಯವರ ಮಾತಲ್ಲಿ ತಪ್ಪಲ, ತಾನಾಗಿ ಹುಟ್ಟಿದರೆ ಹಾಗೇ ಬಿಡುತ್ತಾನೆ. ಹೀಗಾಗಿ ಮಳೆಗಾಲದಲ್ಲಿ ಸಾಲು ಯಾವುದು, ಸಂದು ಯಾವುದು ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಶನಿವಾರ ಐದನೇ ಕ್ಲಾಸಿನವರೆಲ್ಲ ಶೈಲಶ್ರೀಯ ಹೊಲ ನೋಡಲು ಹೋಗೋಣ, ಅಲ್ಲಿ ಔಷಧ ಹೊಡೆಯದೆ ಬೆಳೆಯುತ್ತಾರೆ ಎಂದು ಕ್ರಾಂತಿಕುಮಾರ ಸರ್ ಹೇಳಿದ್ದರು. ಶೈಲಶ್ರೀ ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಖುಷಿ ಎರಡು ನಿಮಿಷವೂ ಉಳಿಯಲಿಲ್ಲ.

“ಅಲ್ಲಿ ಏನ್ ನೋಡಾದು ಸರ್? ತಲಿ ಬಾಚಿಲ್ಲದಂಗ ಅದ ಆ ಹೊಲ,” ಎಂದ ಹಿಂದಿನ ಬೆಂಚಿನ ಅನಿಲಕುಮಾರ.

ಕ್ಲಾಸೆಲ್ಲ ನಕ್ಕಿತು. ದಿನಾ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಕೊಂಡು ಬರುವ ಹುಡುಗಿಗೆ ಅದು ಸರಿಯಾಗಿ ಚುಚ್ಚಿತು. ಅನಿಲನ ಮನೆಯ ಹತ್ತಿ ಹೊಲ ಅವಳೂ ನೋಡಿದ್ದಳು. ಗಿಡ ಬಿಟ್ಟರೆ ಬರೀ ಕಪ್ಪು ಮಣ್ಣು, ಒಂದು ಎಲೆ ಆಚೀಚೆ ಇಲ್ಲ.

ಅಪ್ಪ ಜಹೀರಾಬಾದಿನ ಮಾರ್ಕೆಟ್ಟಿಗೆ ಹೋಗಿದ್ದ. ಮನೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಅಜ್ಜಿ ಶಕುಂತಲಾಬಾಯಿ ಬೀದರಿನ ಮಗಳ ಮನೆಯಲ್ಲಿದ್ದಳು. ಕೇಳುವವರಿಲ್ಲ, ಬೇಡ ಅನ್ನುವವರೂ ಇಲ್ಲ. ಶೈಲಶ್ರೀ ಗೆಳತಿಯನ್ನು ಕರೆದುಕೊಂಡು ಬಂದು ದಾರಿಯ ಬದಿಯಿಂದಲೇ ಕೀಳಲು ಹತ್ತಿದಳು.

ಮನೀಷಾ ಒಂದು ಸಲ ಮಾತ್ರ ಬಾಯಿ ಬಿಟ್ಟಳು. “ಇದು ತಿನ್ನೋ ತಪ್ಪಲ ಅದ, ಶೈಲೂ.”

“ಗೊತ್ತದ ಬಿಡು. ಸರ್ ಬರ್ತಾರಲ್ಲ, ಜಲ್ದಿ ಕೀಳು.”

ಮನೀಷಾ ಕೀಳುತ್ತಲೇ ಇದ್ದಳು. ಎಳೆಯ ಕುಡಿಗಳನ್ನಷ್ಟು ಚಿವುಟಿ ಪಕ್ಕದಲ್ಲಿ ಸಣ್ಣ ಗುಂಪು ಮಾಡುತ್ತಿದ್ದಳು. ಅವಸರದಲ್ಲಿದ್ದ ಶೈಲಶ್ರೀ ಅದನ್ನೂ ಬಾಚಿ ಎಮ್ಮೆಯ ಮುಂದೆ ಹಾಕಿದಳು. ಎಮ್ಮೆಗೆ ಹಬ್ಬವಾಯಿತು. ಕತ್ತಲಾಗುವಷ್ಟರಲ್ಲಿ ಅರ್ಧ ಹೊಲ ಚೊಕ್ಕಟವಾಗಿತ್ತು. ಉಳಿದರ್ಧ ಮರುದಿನ, ಶುಕ್ರವಾರ ಸಂಜೆ ಎಂದು ಮಾತಾಯಿತು.

ಆಯಿ ರಾತ್ರಿಯ ಬಸ್ಸಿಗೆ ಬಂದಳು. ಬೆಳಿಗ್ಗೆ ಎದ್ದ ಕೂಡಲೇ ಶೈಲಶ್ರೀ ಅವಳ ಕೈ ಹಿಡಿದು ಹೊಲಕ್ಕೆ ಎಳೆದೊಯ್ದಳು. ಹೊಗಳಿಸಿಕೊಳ್ಳಬೇಕಿತ್ತು, ಅಷ್ಟೇ. ಆದರೆ ಆಯಿ ಏನಾದರೂ ಹೇಳುವ ಮೊದಲೇ ಹೊಲದ ಆ ಬದಿಯಿಂದ ಕೌಶಲ್ಯಾ ಬಂದಳು.

ಕೌಶಲ್ಯಾ ಮನೀಷಾಳ ತಾಯಿ. ಅವರಿಗೆ ಹೊಲವಿಲ್ಲ. ಕೂಲಿಗೆ ಹೋಗುವ ಮುಂಚೆ ದಿನಾ ಹೊಲಕ್ಕೆ ಇಳಿದು ಉಡಿ ತುಂಬ ಸೊಪ್ಪು ಹರಿದುಕೊಂಡು ಹೋಗುತ್ತಾಳೆ. ಅವತ್ತಿನ ಪಲ್ಯಕ್ಕೆ ಅದೇ. ಈ ಕಡೆಯ ಊರುಗಳಲ್ಲಿ ಅದಕ್ಕೆ ಯಾರನ್ನೂ ಕೇಳುವ ರೂಢಿಯಿಲ್ಲ. ಮೊದಲಾದರೆ ಹತ್ತು ಹೊಲಕ್ಕೆ ಹೋಗುತ್ತಿದ್ದಳು. ಈಗ ಅಲ್ಲೆಲ್ಲ ಕಳೆ ಸುಡುವ ಔಷಧ ಹೊಡೆಯುತ್ತಾರೆ. ಅದನ್ನು ಇಲ್ಲಿಯವರು ಎಣ್ಣಿ ಎನ್ನುತ್ತಾರೆ. ಎಣ್ಣಿ ಹೊಡೆದ ಹೊಲದ ಸೊಪ್ಪು ತಿಂದರೆ ಹೊಟ್ಟೆ ಕೆಡುತ್ತದೆ. ಹಾಗಾಗಿ ಅವಳಿಗೆ ಉಳಿದದ್ದು ಇದೊಂದೇ ಹೊಲ.

ಉಡಿಯಲ್ಲಿ ಎರಡು ಹಿಡಿ ಸೊಪ್ಪು ಇತ್ತು. ಬೋಳಾದ ಅರ್ಧ ಹೊಲ ಕಂಡ ಕೂಡಲೇ ಅವಳು ನಿಂತುಬಿಟ್ಟಳು.

“ನೀವೂ ಎಣ್ಣಿ ಹೊಡದ್ರೇನ್ರಿ ಬಾಯಿ?” ಎಂದು ಆಯಿಯನ್ನು ಕೇಳಿದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕೂ ಕಾಯಲಿಲ್ಲ. ಉಡಿ ಬಿಚ್ಚಿ ಅಷ್ಟೂ ಸೊಪ್ಪು ನೆಲಕ್ಕೆ ಸುರಿದಳು, ಸೆರಗಿಗೆ ಕೈ ಒರೆಸಿಕೊಂಡಳು.

ಶೈಲಶ್ರೀಯ ಮುಖ ಬಿಸಿಯಾಯಿತು. ಆಯಿ ಅವಳ ಕಡೆ ನೋಡಿದಳು.

“ಎಣ್ಣಿ ಹೊಡದಿಲ್ಲ ಕಾಕು,” ಎಂದಳು ಶೈಲಶ್ರೀ. “ನಾನೇ ಕಿತ್ತೀನಿ. ನಾಳಿಗಿ ಸಾಲಿಯವರು ಬರ್ತಾರ ಅಂತ.”

ಜೊತೆಗೆ ಯಾರಿದ್ದರು ಎಂದು ಹೇಳಲಿಲ್ಲ. ಕೌಶಲ್ಯಾ ನಕ್ಕುಬಿಟ್ಟಳು. ಹುಡುಗರ ಕೆಲಸ ಎಂದು ಹೇಳುತ್ತಾ ಬಗ್ಗಿ, ಸುರಿದದ್ದನ್ನು ಮಣ್ಣು ಕೊಡವಿ ಕೊಡವಿ ಉಡಿಗೆ ತುಂಬಿಕೊಂಡಳು. ನಿನ್ನೆ ಕೂಲಿಯಿಂದ ಬರುವುದು ತಡವಾಯಿತು, ಮನೀಷಾ ಏನಾದರೂ ಹರಿದು ತರುತ್ತಾಳೆ ಅಂದುಕೊಂಡಿದ್ದೆ, ಅವಳೂ ಬರಿಗೈಯಲ್ಲಿ ಬಂದಿದ್ದಳು, ರಾತ್ರಿ ಬರೀ ಖಾರ ರೊಟ್ಟಿ ಆಯಿತು ಎಂದು ಆಯಿಗೆ ಹೇಳಿ ಹೋದಳು. ಶೈಲಶ್ರೀಗೆ ಎಮ್ಮೆಯ ಬಾಯಿಗೆ ಹೋದ ಆ ಕುಡಿಗಳ ಗುಂಪು ನೆನಪಾಯಿತು.

ಮನೆಗೆ ಬರುವ ದಾರಿಯಲ್ಲಿ ಆಯಿ ಬೈಯಲೇ ಇಲ್ಲ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಕೊನೆಗೆ ಶೈಲಶ್ರೀಯೇ, ಕಾಕು ಹರಿಯುವ ಮೊದಲು ನಮ್ಮನ್ನು ಯಾಕೆ ಕೇಳುವುದಿಲ್ಲ ಎಂದು ಕೇಳಿದಳು.

“ನಾವೇನು ಅದನ್ನ ಬಿತ್ತೀವೇನು, ಅಕಿ ನಮಗ ಕೇಳಾಕ?” ಎಂದಳು ಆಯಿ.

ಆಮೇಲೆ ಅವಳು ಹೇಳಿದ್ದು ಇಷ್ಟು. ಹೋದ ವರ್ಷ ಒಬ್ಬ ಅಂಗಡಿಯವನು ಎಣ್ಣಿ ಡಬ್ಬಿ ಹಿಡಿದು ಮನೆಗೇ ಬಂದಿದ್ದ. ಕೂಲಿ ಉಳಿಯುತ್ತದೆ, ಎರಡೇ ದಿನದಲ್ಲಿ ಹೊಲ ಸ್ವಚ್ಛ ಎಂದ. ಅಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟ. ಹೊಡೆದ ದಿನ ಮನೆ ಮನೆಗೆ ಹೋಗಿ ನಮ್ಮ ಹೊಲದ ಸೊಪ್ಪು ಹರಿಯಬೇಡಿ ಎಂದು ಹೇಳುವವರು ಯಾರು ಎಂದು ಕೇಳಿದ. ಅಂಗಡಿಯವನಿಗೆ ಆ ಮಾತು ಅರ್ಥವೇ ಆಗಲಿಲ್ಲ.

ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ಮನೀಷಾ ಹೊಲಕ್ಕೆ ಬಂದಳು. ತೋಳು ಮಡಚಿಕೊಂಡು ಉಳಿದ ಸಾಲಿಗೆ ಕೂರಲು ಹೋದಳು. ಶೈಲಶ್ರೀ ಅವಳನ್ನು ತಡೆದಳು.

“ನಿನ್ನೆ ಯಾಕ ಹೇಳಲಿಲ್ಲ ನೀ?”

ಮನೀಷಾ ಉಗುರಿನ ಮಣ್ಣು ತೆಗೆಯುತ್ತಾ ನಿಂತಳು. “ನಿಮ್ಮ ಹೊಲ ಅದ. ನಾ ಏನಂತ ಹೇಳಲಿ?”

ಇವತ್ತು ಕೀಳುವುದು ಬೇಡ ಎಂದಳು ಶೈಲಶ್ರೀ. ಇಬ್ಬರೂ ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದುಹೋದರು.

ಶನಿವಾರ ಕ್ಲಾಸು ಸಾಲಾಗಿ ಬಂತು. ದಾರಿಯಲ್ಲಿ ನಿಂತು ನೋಡಿದರೆ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಹಸಿರೋ ಹಸಿರು. “ಹಾಫ್ ಕಟಿಂಗ್,” ಎಂದ ಅನಿಲಕುಮಾರ. ಮತ್ತೆ ಎಲ್ಲರೂ ನಕ್ಕರು. ಸರ್ ಮಾತ್ರ ನಗು ತಡೆದುಕೊಂಡರು. ಗಡಿಯ ಊರಾದ್ದರಿಂದ ಅವರು ಪಾಠ ಮಾಡುವುದು ತೆಲುಗಿನಲ್ಲಿ, ಹೊರಗೆ ಬಂದರೆ ಕನ್ನಡ.

“ಈ ಕಡಿ ಎಷ್ಟ್ ಚಂದ ತಗದೀಯಮ್ಮ. ಆ ಕಡಿ ಯಾಕ ಬಿಟ್ಟಿ? ಟೈಮ್ ಸಾಲಲಿಲ್ಲೇನು?”

ಹೌದು ಸರ್ ಎಂದರೆ ಮುಗಿಯುತ್ತಿತ್ತು. ಸರ್ ತಲೆದೂಗಿ ಮುಂದೆ ಹೋಗುತ್ತಿದ್ದರು.

“ಟೈಮ್ ಇತ್ತು ಸರ್,” ಎಂದಳು ಶೈಲಶ್ರೀ. “ಅದು ನಮ್ಮದಲ್ಲ.”

“ಹೊಲ ನಿಮ್ಮದೇ ಅದಲ್ಲ?”

“ಹೊಲ ನಮ್ಮದು ಸರ್. ಆ ತಪ್ಪಲ ನಮ್ಮದಲ್ಲ.”

“ಮತ್ತ ಯಾರದು?”

ನಗು ನಿಂತಿತ್ತು. ಮೂವತ್ತು ಮಕ್ಕಳು ಅವಳನ್ನೇ ನೋಡುತ್ತಿದ್ದರು. ಸಾಲಿನ ಕೊನೆಯಲ್ಲಿ ಮನೀಷಾ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದಳು. ಶೈಲಶ್ರೀಯ ಕಣ್ಣು ತಾನಾಗಿಯೇ ಆ ಕಡೆ ಹೊರಳುವುದರಲ್ಲಿತ್ತು. ಅವಳು ಅದನ್ನು ಹಿಡಿದು ತೊಗರಿ ಗಿಡಗಳ ಮೇಲೆ ನಿಲ್ಲಿಸಿದಳು.

“ಯಾರು ಹರಕೋತಾರ, ಅವರದು ಸರ್,” ಎಂದಳು. ಮನೀಷಾಳ ಕಡೆಗೆ ಮಾತ್ರ ನೋಡಲಿಲ್ಲ.