ನುಂಗಿದ ನಕ್ಷತ್ರ

ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಏನೂ ಸದ್ದಿಲ್ಲ.

ಆರ್ಗನ್ನಿನ ಹೊಟ್ಟೆಯೊಳಗೆ ಅರ್ಧ ಮೈ ತೂರಿಸಿಕೊಂಡು ಕೊಳವೆಗಳ ಶ್ರುತಿ ಸರಿಮಾಡುತ್ತಿದ್ದ ಕಿವಿಯಪ್ಪನನ್ನು ತಡೆದು ನಿಲ್ಲಿಸಿದ್ದು ಆ ಎರಡನೆಯದೇ. ಬಾಗಿಲು ತೆರೆದವರು ಏನಾದರೂ ತೆಗೆದುಕೊಳ್ಳಬೇಕು, ಇಲ್ಲವೇ ಬಾಗಿಲು ಮುಚ್ಚಬೇಕು. ಎರಡೂ ಇಲ್ಲ ಅಂದರೆ?

"ಸಾರ್," ಎಂದಳು ಚರ್ಚಿನ ಹಾಡುಗಾರರ ಮೇಷ್ಟ್ರ ಮಗಳು. "ಅಪ್ಪನ ಪುಸ್ತಕ ಇಲ್ಲ."

ಅವನು ಧೂಳು ಕೊಡವಿಕೊಂಡು ಹೊರಬಂದ. ಅವನಿಗೆ ಬೇರೆ ಹೆಸರಿತ್ತು. ಕರೆಯುವವರಿಲ್ಲದೆ ಅದು ತುಕ್ಕು ಹಿಡಿದಿತ್ತು. ವರ್ಷಕ್ಕೆರಡು ಸಲ ಬರುತ್ತಿದ್ದ, ಚರ್ಚು ಖಾಲಿಯಿದ್ದಾಗಲೇ ಬರುತ್ತಿದ್ದ. ಶ್ರುತಿ ಹಿಡಿಯುವ ಕೆಲಸಕ್ಕೆ ಜನ ಇರಬಾರದು.

"ಯಾವ ಪುಸ್ತಕ?"

"ಕೀರ್ತನೆಗಳದ್ದು. ನಲವತ್ತು ವರ್ಷದ ಪೆನ್ಸಿಲ್ ಗುರುತು ಅದರಲ್ಲಿದೆ."

ಕಿವಿಯಪ್ಪನಿಗೆ ವಿವರಿಸಬೇಕಾಗಿರಲಿಲ್ಲ. ಇಲ್ಲಿ ಕೀರ್ತನೆಗಳನ್ನು ಓದುವುದಿಲ್ಲ, ಹಾಡುತ್ತಾರೆ. ಒಂದೇ ಸ್ವರದ ಮೇಲೆ ಮಾತುಗಳನ್ನು ಸಾಲಾಗಿ ನಡೆಸಿಕೊಂಡು ಹೋಗಿ, ಕೊನೆಯ ನಾಲ್ಕಾರು ಅಕ್ಷರಗಳಲ್ಲಿ ರಾಗ ತಿರುಗಿಸುವುದು. ಎಲ್ಲಿ ತಿರುಗಿಸಬೇಕೆಂದು ಹೇಳುವುದು ಆ ಪೆನ್ಸಿಲ್ ಗುರುತು. ಎದುರುಬದುರು ಎರಡು ಬೆಂಚು. ಒಂದು ವಚನ ಬಲಗಡೆಯವರಿಗೆ, ಮುಂದಿನದು ಎಡಗಡೆಯವರಿಗೆ. ಪ್ರತಿ ವಚನದ ನಡುವೆ ಅಚ್ಚಿನಲ್ಲೇ ಒಂದು ನಕ್ಷತ್ರ. ಅಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳಲೇಬೇಕು. ತಪ್ಪಿದರೆ, "ಯಾರಪ್ಪಾ ಅದು, ನಕ್ಷತ್ರ ನುಂಗಿದ್ದು?" ಎಂದು ಮೇಷ್ಟ್ರು ಗುಡುಗುತ್ತಿದ್ದರು.

ಗುಡುಗು ನಿಂತು ಮೂರು ವಾರವಾಗಿತ್ತು.

"ಭಾನುವಾರ ಅಪ್ಪನ ನೆನಪಿನ ಆರಾಧನೆ," ಎಂದಳು ಮಗಳು. "ಆಸ್ಪತ್ರೆಯಲ್ಲಿ ಮಲಗಿಕೊಂಡೇ ಒಂದು ಕೀರ್ತನೆಗೆ ಹೊಸದಾಗಿ ಗುರುತು ಹಾಕಿದ್ರು. ಮಾಳಿಗೆ ಮೇಲೆ ಒಂಟಿ ಹಕ್ಕಿ ಬರುತ್ತಲ್ಲ, ಅದಕ್ಕೆ. 'ನಾನು ಹೋದ ಮೇಲೆ ಹೀಗೇ ಹಾಡಿಸು' ಅಂದ್ರು. ನಾನು ಹೂಂ ಅಂದೆ."

"ಗುರುತು ನೋಡಿದ್ರಾ?"

"ಧೈರ್ಯ ಬರಲಿಲ್ಲ ಸಾರ್. ಬುಧವಾರ ಸಾಯಂಕಾಲ ಕಪಾಟಿನಲ್ಲಿಟ್ಟು ಹೋದೆ. ಇವತ್ತು ಶುಕ್ರವಾರ. ಭಾನುವಾರ ಸರಿಯಾಗಿ ಹಾಡದಿದ್ರೆ ಇನ್ನು ಮುಂದೆ ಎಲ್ಲರೂ ಸೇರಿ ಓದೋಣ, ಹಾಡೋದು ಸಾಕು ಅಂತ ಪಾದ್ರಿಗಳು ಹೇಳಿಬಿಟ್ಟಿದ್ದಾರೆ."

ಬೀಗ ಒಡೆದಿರಲಿಲ್ಲ. ಕೀಲಿ ಇರುವುದು ಗಂಟೆ ಹೊಡೆಯುವ ಗಂಟೆಯಣ್ಣನ ಸೊಂಟದಲ್ಲಿ.

"ನಿನ್ನೆ ಮೂರು ಜನ ಇಸ್ಕೊಂಡು ಹೋಗಿದ್ರು," ಎಂದ ಅವನು. "ಮೇಣದಬತ್ತಿಗೆ ಅಂತ ಪಾದ್ರಿಗಳು. ಕನ್ನಡಕ ಮರೆತಿದ್ದೆ ಅಂತ ಬೇಕರಿಯವ್ರು. ರಿಪೇರಿಗೆ ಒಯ್ದಿದ್ದ ನಿಲುವಂಗಿಗಳನ್ನ ವಾಪಸ್ ಇಡೋಕೆ ಹೊಲಿಗೆಯಮ್ಮ."

"ನೀನು?"

"ನನಗ್ಯಾಕೆ ಸ್ವಾಮಿ ಪುಸ್ತಕ? ಗಂಟೆಗೆ ಒಂದೇ ಸ್ವರ."

ಮಗಳು ಹೇಳಿಕಳಿಸಿ ಮೂವರನ್ನೂ ಕರೆಸಿದಳು. ಪಾದ್ರಿಗಳು ನಕ್ಕರು. "ಕದಿಯೋ ಕಷ್ಟ ನನಗ್ಯಾಕಯ್ಯಾ? ನಿಲ್ಲಿಸಿ ಅಂದ್ರೆ ನಿಲ್ಲುತ್ತೆ. ಹಾಡೋರು ಇರೋದೇ ಮೂರು ಜನ."

ಬೇಕರಿಯವರು ಕೆಂಪಗಾದರು. "ಮೇಷ್ಟ್ರ ಜೊತೆ ನಾನು ಜಗಳ ಆಡಿದೀನಿ, ಇಲ್ಲ ಅನ್ನಲ್ಲ. ಎಳೀತಾರೆ, ಎಳೀತಾರೆ, ಬೆಳಗಿನ ಆರಾಧನೆ ಮುಗಿಯೋ ಹೊತ್ತಿಗೆ ನನ್ನ ಹಿಟ್ಟು ಹುಳಿಯಾಗಿರುತ್ತೆ ಅಂತ ಮುಖಕ್ಕೇ ಅಂದಿದೀನಿ. ಬೆನ್ನ ಹಿಂದೆ ಏನೂ ಮಾಡಿಲ್ಲ."

ಹೊಲಿಗೆಯಮ್ಮ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಂಡ ಟೋಪಿಯನ್ನೂ ತೆಗೆಯದೆ ಬಂದಿದ್ದಳು. ಅರವತ್ತೆಂಟರ ಒಂಟಿ ಹೆಂಗಸು. ಎರಡು ಮಾತಿಗೊಮ್ಮೆ ದಮ್ಮು.

"ಅಂಗಿ ತೂಗುಹಾಕಿದೆ. ಬೀಗ ಹಾಕಿದೆ. ಹೋದೆ."

"ಪುಸ್ತಕ ಇತ್ತೇ?"

"ಅಂಗಿ ನೋಡ್ತಿದ್ದೆ."

ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದುಕೊಂಡ ಕಿವಿಯಪ್ಪ.

"ಎಲ್ಲರೂ ಇದ್ದೀರಲ್ಲ, ಒಂದು ಉಪಕಾರ ಮಾಡಿ," ಎಂದ. "ಒಂದು ಕೊಳವೆ ದನಿಯ ಜೊತೆ ಜಗಳಕ್ಕೆ ನಿಲ್ಲುತ್ತಾ ಅಂತ ನೋಡಬೇಕು. ಭಾನುವಾರದ ಕೀರ್ತನೆಯನ್ನೇ ಹಾಡಿ. ಅಚ್ಚಿನ ಪುಸ್ತಕ ನೋಡಿಕೊಂಡು ಹಾಡಿದರೆ ಸಾಕು."

ಬಲಗಡೆ ಮಗಳು ಮತ್ತು ಬೇಕರಿಯವರು ನಿಂತರು. ಅವರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ತಾನಾಗಿಯೇ ಬಿಟ್ಟುಹೋಯಿತು. ಎಡಗಡೆ ಎಂಟು ಜನ ಕೂರುವ ಬೆಂಚಿನಲ್ಲಿ ಹೊಲಿಗೆಯಮ್ಮ ಒಬ್ಬಳೇ. ಉಳಿದವರು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು, ಇಲ್ಲವೇ ಲೋಕ.

ಬಲಗಡೆಯ ವಚನ. ಎಡಗಡೆಯ ವಚನ. ಆ ಬೆಂಚಿನಿಂದ ಬಂದ ದನಿ ತೆಳ್ಳಗಿತ್ತು, ನೇರವಾಗಿತ್ತು, ಬಿಗಿದ ದಾರದ ಹಾಗೆ. ಹಕ್ಕಿಯ ವಚನ ಅವಳ ಪಾಲಿಗೆ ಬಂತು. 'ನಿದ್ದೆ' ಎಂಬಲ್ಲಿ ನಕ್ಷತ್ರ. ಅವಳು ನಿಲ್ಲಲಿಲ್ಲ. 'ಮಾಳಿಗೆ'ಯವರೆಗೂ ಹೋಗಿ, ಅಲ್ಲಿ ಉಸಿರು ತೆಗೆದುಕೊಂಡು, ಉಳಿದದ್ದನ್ನು ಹಗುರಾಗಿ ಮುಗಿಸಿದಳು.

"ನಕ್ಷತ್ರ ಹೊಟ್ಟೆಗೆ ಹೋಯ್ತು," ಎಂದು ಬೇಕರಿಯವರು ಗೊಣಗಿದರು.

"ಬಿಡಿ ಅಂಕಲ್. ವಯಸ್ಸಾಯ್ತು," ಎಂದಳು ಮಗಳು ಮೆಲ್ಲಗೆ.

"ಕೊಳವೆ ಸರಿಯಾಗಿದೆ," ಎಂದ ಕಿವಿಯಪ್ಪ.

ಸಂಜೆ ಐದಕ್ಕೆ ಅವನು ಮಗಳನ್ನು ಹೊಲಿಗೆಯಂಗಡಿಯ ಬೀದಿಗೆ ಕರೆದುಕೊಂಡು ಹೋದ. ಅಂಗಡಿ ಕೆಳಗೆ, ಮನೆ ಮೇಲೆ.

"ಹೊಲಿಗೆ ಆಂಟಿನಾ? ಸಾಧ್ಯವೇ ಇಲ್ಲ ಸಾರ್. ಮೂವತ್ತು ವರ್ಷದಿಂದ ಹಾಡ್ತಿದ್ದಾರೆ, ಯಾರ ತಂಟೆಗೂ ಹೋದವರಲ್ಲ."

"ಅದೇ ನೋಡಿ. ಮೂವತ್ತು ವರ್ಷದಲ್ಲಿ ಎಷ್ಟು ಸಲ ನಕ್ಷತ್ರ ನುಂಗಿದ್ದಾರೆ?"

ಅವಳು ಯೋಚಿಸಿದಳು. "ಒಂದು ಸಲವೂ ಇಲ್ಲ."

"ಇವತ್ತು ನುಂಗಿದರು."

"ದಮ್ಮು ಇದೆಯಲ್ಲ, ಪಾಪ."

"ದಮ್ಮು ಇರೋರು ಉಸಿರು ಸಿಕ್ಕಿದ ಕಡೆ ತಗೋತಾರಮ್ಮಾ. ಇವರು ಸಿಕ್ಕಿದ್ದನ್ನ ಬಿಟ್ಟು ಮುಂದೆ ಹೋದರು. ಯಾಕೆ? ಆ ವಚನದ ಮೊದಲ ಭಾಗ ಮೊಳದುದ್ದ, ಎರಡನೆಯದು ಮಾರುದ್ದ. ನಕ್ಷತ್ರದಲ್ಲಿ ನಿಂತರೆ ಮಾರುದ್ದದ್ದು ಅವರಿಂದ ಮುಗಿಯಲ್ಲ. ಎರಡು ಮಾತು ಮುಂದೆ ಹೋಗಿ ನಿಂತರೆ ಮುಗಿಯುತ್ತೆ. ಇದನ್ನ ಯಾರೋ ಕೂತು ಲೆಕ್ಕ ಹಾಕಿ ಬರೆದಿದ್ದಾರೆ. ಅಚ್ಚಿನ ಪುಸ್ತಕದಲ್ಲಂತೂ ಅದಿಲ್ಲ."

ಮಗಳು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಳು. "ಅಪ್ಪನ ಹೊಸ ಗುರುತು..."

"ಅದನ್ನ ಇನ್ನೂ ಯಾರೂ ಹಾಡಿಲ್ಲ, ನೀವೇ ನೋಡಿಲ್ಲ. ಹಾಗಿದ್ದರೆ ಅವರು ನೋಡಿದ್ದೆಲ್ಲಿ?"

ಮಗಳು ದಡದಡನೆ ಮೆಟ್ಟಿಲು ಹತ್ತಿ, ಬಾಗಿಲು ಬಡಿಯಲು ಕೈ ಎತ್ತಿದಳು. ಅಷ್ಟರಲ್ಲಿ ಒಳಗಿಂದ ಹಾಡು ಕೇಳಿತು.

ಒಂದು ವಚನ. ಆಮೇಲೆ ಮೌನ. ಮತ್ತೊಂದು ವಚನ. ಮತ್ತೆ ಮೌನ.

"ಉಸಿರು ಸುಧಾರಿಸಿಕೊಳ್ತಿದ್ದಾರೆ," ಎಂದು ಅವಳು ಪಿಸುಗುಟ್ಟಿದಳು.

ಕಿವಿಯಪ್ಪ ಬೆರಳೆಣಿಸುತ್ತಿದ್ದ. ಅಲ್ಲವೆಂದು ತಲೆಯಾಡಿಸಿದ. "ಮೌನಗಳು ಒಂದೊಂದೂ ಒಂದೊಂದು ಉದ್ದ. ಎಡಗಡೆಯ ವಚನ ಮಾತ್ರ ಹಾಡ್ತಿದ್ದಾರೆ. ಬಲಗಡೆಯದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯ್ತಾರೆ."

ಮಗಳ ಕೈ ಗಾಳಿಯಲ್ಲೇ ಉಳಿಯಿತು, ಆಮೇಲೆ ಇಳಿಯಿತು. ಒಳಗೆ ವಚನವೊಂದು ಮುಗಿದು ಮೌನ ಶುರುವಾದಾಗ, ಅವಳು ಬಾಗಿಲಿಗೆ ಹಣೆ ಹಚ್ಚಿ ಬಲಗಡೆಯ ವಚನವನ್ನು ಹಾಡಿದಳು.

ಒಳಗೆ ಏನೋ ಬಿದ್ದ ಸದ್ದು. ತುಸು ತಡೆದು ಎಡಗಡೆಯ ವಚನ ಬಂತು, ನಡುಗುತ್ತ, ಆದರೆ ಪೂರ್ತಿಯಾಗಿ. ಬಾಗಿಲು ತೆರೆದದ್ದು ಅದು ಮುಗಿದ ಮೇಲೆಯೇ. ಶಿಸ್ತು ಅಂದರೆ ಶಿಸ್ತು.

ಪುಸ್ತಕ ಹೊಲಿಗೆ ಮೆಷಿನ್ನಿನ ಮೇಲಿತ್ತು. ಪುಟಕ್ಕೆ ಅಳತೆ ಟೇಪನ್ನು ಗುರುತಾಗಿ ಇಟ್ಟಿದ್ದಳು.

"ನೋಡೋದಕ್ಕೆ ಅಂತ ತೆಗೆದೆ," ಎಂದಳು ಹೊಲಿಗೆಯಮ್ಮ. "ಭಾನುವಾರ ಬೆಳಿಗ್ಗೆ ಇಟ್ಟುಬಿಡ್ತಿದ್ದೆ."

"ಇಟ್ಟುಬಿಡ್ತಿದ್ರಾ ಆಂಟಿ?"

"ಇಲ್ಲ." ಅವಳು ಕುಳಿತಳು. "ನಿಮ್ಮಪ್ಪನ ಜೊತೆ ನಾನು ಬೇರೆ ಮಾತಾಡಿದ್ದೇ ಇಲ್ಲ ಕಣಮ್ಮ. ಅವರದೊಂದು ವಚನ, ನನ್ನದೊಂದು ವಚನ. ಮೂವತ್ತು ವರ್ಷ."

"ಆಸ್ಪತ್ರೆಗಾದ್ರೂ ಬರಬಹುದಿತ್ತಲ್ಲ?"

"ಬಾಗಿಲವರೆಗೂ ಬಂದಿದ್ದೆ. ನೀವು ಯಾರು ಅಂತ ನರ್ಸ್ ಕೇಳಿದ್ರು. ಏನು ಹೇಳಲಿ? ಎದುರು ಬೆಂಚು ಅಂತಲಾ?"

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದರು.

ಕಿವಿಯಪ್ಪ ಪುಟವನ್ನು ಬೆಳಕಿಗೆ ಹಿಡಿದ. "ಇಲ್ಲಿ ನೋಡಿ. ಹೊಸ ಗುರುತೆಲ್ಲ ಎಡಗಡೆಯ ವಚನಗಳಿಗೆ ಮಾತ್ರ. ಎಡಗಡೆ ಇರೋದು ಒಬ್ಬರೇ. ಯಾವ ಮಾತಿಗೆ ಇವರ ಉಸಿರು ಮುಗಿಯುತ್ತೆ ಅನ್ನೋದು ಮೇಷ್ಟ್ರಿಗೆ ಗೊತ್ತಿತ್ತು. ನಲವತ್ತು ವರ್ಷ ಕಾಪಾಡಿದ ನಕ್ಷತ್ರವನ್ನ ತಾವೇ ಹೊಡೆದುಹಾಕಿದ್ದಾರೆ."

ಮಗಳು ಪುಸ್ತಕ ಇಸಿದುಕೊಂಡು ಬಲಗಡೆಯ ವಚನಗಳ ಮೇಲೆ ಬೆರಳಾಡಿಸಿದಳು. ಒಂದೊಂದೇ ಸಾಲು. ಅಚ್ಚು ಬಿಟ್ಟರೆ ಏನೂ ಇರಲಿಲ್ಲ.

"ನನಗೆ ಏನೂ ಬರೆದಿಲ್ಲ," ಎಂದಳು.

"ನಿನಗೆ ಉಸಿರಿದೆಯಲ್ಲ ಮಗಳೇ," ಎಂದಳು ಹೊಲಿಗೆಯಮ್ಮ.

ಭಾನುವಾರ ಅವರು ಆ ಗುರುತಿನಂತೆಯೇ ಹಾಡಿದರು. ಹಕ್ಕಿಯ ವಚನದಲ್ಲಿ ಹೊಲಿಗೆಯಮ್ಮ ನಕ್ಷತ್ರ ದಾಟಿ ಹೋದಾಗ ಪಾದ್ರಿಗಳು ಹುಬ್ಬೇರಿಸಿದರು. ಆಮೇಲೆ ಅಂಗಳದಲ್ಲಿ, "ಒಂದು ಕಡೆ ತಪ್ಪಿತಲ್ಲಾ?" ಎಂದರು.

"ತಪ್ಪಿದ್ದಲ್ಲ ಸ್ವಾಮಿ, ತಿದ್ದಿದ್ದು," ಎಂದರು ಬೇಕರಿಯವರು, ಮಗಳು ಬಾಯಿ ತೆರೆಯುವ ಮೊದಲೇ. ಪಾದ್ರಿಗಳು ಪುಸ್ತಕ ಇಸಿದುಕೊಂಡು ಆ ಪುಟ ನೋಡಿ, "ಮುಂದಿನ ವಾರ ಯಾವ ಕೀರ್ತನೆ?" ಎಂದು ಕೇಳಿದರು.

ಪುಸ್ತಕ ಎಲ್ಲಿತ್ತೆಂದು ಕೇಳಿದ ಗಂಟೆಯಣ್ಣನಿಗೆ, "ರಿಪೇರಿಗೆ ಹೋಗಿತ್ತು," ಎಂದಳು ಮಗಳು.

ಸೋಮವಾರ ಕಿವಿಯಪ್ಪ ಇನ್ನೊಂದು ಊರಿನ ಇನ್ನೊಂದು ಖಾಲಿ ಚರ್ಚಿನಲ್ಲಿದ್ದ. ಆರ್ಗನ್ನಿನ ಕೀಲಿಮಣೆಯಲ್ಲಿ ಒಂದು ಸ್ವರ ಒತ್ತಿದ, ಆಲಿಸಿದ, ಬಿಟ್ಟ. ಮುಂದಿನದನ್ನು ಒತ್ತಲು ಹೊರಟ ಬೆರಳು ಅಲ್ಲೇ ನಿಂತಿತು. ಒಂದು ವಚನದಷ್ಟು ಹೊತ್ತು ಕಾದ.

ಆಮೇಲೆ ಒತ್ತಿದ.