ಕಂಬಕ್ಕೆ ಮೂರು ಪೆಟ್ಟು

ನಂಬುವವರು ನಂಬಲಿ, ಇದು ನಡೆದದ್ದು ಹಾಡಹಗಲಲ್ಲಿ, ನ್ಯಾಮತಿಯ ನಮ್ಮ ಮೆಕ್ಕೆಜೋಳದ ಮಿಲ್ಲಿನಲ್ಲಿ. ಗದ್ದಲದಿಂದ ಕಿವಿ ಕಾಪಾಡಿಕೊಳ್ಳುವುದನ್ನು ನಮಗೆ ಕಲಿಸಲು ಪೂಜಾ ಮೇಡಂ ಬಂದಿದ್ದರು. ಮೊದಲು ಕಿವಿ ಪರೀಕ್ಷೆಯಾಯಿತು.

"ಚೌಡಮ್ಮ, ನಿಮ್ಮ ಎಡಗಿವಿ ಪೂರ್ತಿ ಹೋಗೈತ್ರಿ," ಎಂದರು. ಆರು ವರ್ಷದಿಂದ ನನಗೆ ಗೊತ್ತಿದ್ದ ಮಾತೇ.

ಆಮೇಲೆ ಸ್ಪಂಜಿನ ಇಯರ್‌ಪ್ಲಗ್ ಕೊಟ್ಟರು. ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೆಳೆದು, ಒಳಗಿಟ್ಟು ಒತ್ತಿ ಹಿಡಿದೆವು. ಮಿಲ್ಲಿನ ಸದ್ದು ದೂರ ಸರಿಯಿತು. ಆಗ ಕಬ್ಬಿಣದ ಕಂಬಕ್ಕೆ ಯಾರೋ ಮೂರು ಸಲ ಬಡಿದರು. ನಾವು ಒಂಬತ್ತು ಜನವೂ ಕೈ ಒರೆಸಿಕೊಂಡು ಎದ್ದು ನಿಂತೆವು.

ಏನಾಯಿತೆಂದು ಮೇಡಂ ಕೈಯಾಡಿಸಿ ಕೇಳಿದರು. ನಮ್ಮಲ್ಲೊಬ್ಬನಾದ ನಿಂಗರಾಜ ಚಹಾ ಲೋಟ ಎತ್ತಿದಂತೆ ಸನ್ನೆ ಮಾಡಿದವನು, ಕಂಬದ ಕಡೆ ನೋಡಿ ಎತ್ತಿದ ಕೈ ಇಳಿಸುವುದನ್ನೇ ಮರೆತ.

ಕೂಗಿದರೆ ಯಾರಿಗೂ ಕೇಳದೆಂದು, ಚಹಾ ತರುತ್ತಿದ್ದ ಹುಲಿಗೆಮ್ಮ ಸೌಟಿನಿಂದ ಆ ಕಂಬಕ್ಕೆ ಮೂರು ಪೆಟ್ಟು ಹಾಕುತ್ತಿದ್ದಳು. ಆಕೆ ತೀರಿಕೊಂಡು ಎರಡು ಯುಗಾದಿ ಕಳೆದಿವೆ. ಕಂಬದ ಬಳಿ ಯಾರೂ ಇರಲಿಲ್ಲ. ಶುಂಠಿಯ ವಾಸನೆ ಮಾತ್ರ ಇತ್ತು.

ಬೇರೆ ಮಿಲ್ಲುಗಳಲ್ಲಿ ಇಯರ್‌ಪ್ಲಗ್ ಮೂಲೆ ಸೇರಿವೆಯಂತೆ. ನಾವು ಮಾತ್ರ ದಿನವೂ ಹೇಳಿಸಿಕೊಳ್ಳದೆ ಹಾಕುತ್ತೇವೆ. ತೆಗೆದರೆ ಆ ಪೆಟ್ಟು ಕೇಳಿಸದು.

"ಟ್ರೈನಿಂಗ್ ಹೆಂಗೆ ನಾಟೈತೆ ನೋಡ್ರಿ!" ಎಂದು ಮಾಲೀಕರಿಗೆ ಹಿಗ್ಗು.

ಹನ್ನೊಂದಕ್ಕೆ ಕಂಬ ಕರೆಯುತ್ತದೆ. ಅದರ ಬುಡದಲ್ಲೇ ಕೂತು ಚಹಾ ಕುಡಿಯುತ್ತೇವೆ. ಹೆದರಿಕೆಯೇನಿಲ್ಲ, ಒಂಥರಾ ನೆಮ್ಮದಿ. ಉಳಿದವರಿಗೆ ಎರಡೂ ಕಿವಿಯಲ್ಲಿ ಕೇಳಿಸುತ್ತದಂತೆ.

ನನಗೆ ಎಡಗಿವಿಯಲ್ಲಿ ಮಾತ್ರ.